ಓದುಗರ ಪ್ರಶ್ನೆ, ನಮ್ಮ ಉತ್ತರ: ಒಂಬತ್ತು ಅಡಿ ದೂರದಿಂದ 4ಕೆ ಕಾಣುತ್ತದೆಯೇ?

ಪ್ರಶ್ನೆ: ನಮ್ಮ ಮನೆಯ ಚಾವಡಿಯಲ್ಲಿ ಟೀವಿ ಇಡುವ ಗೋಡೆಗೂ ನಾವು ಕುಳಿತುಕೊಳ್ಳುವ ಜಾಗಕ್ಕೂ ಒಂಬತ್ತು ಅಡಿ ಅಂತರವಿದೆ. ಹೆಚ್ಚಾಗಿ ನೋಡುವುದು ಯಕ್ಷಗಾನದ ವಿಡಿಯೊಗಳನ್ನು ಮತ್ತು ವಾರ್ತೆಗಳನ್ನು. 43 ಇಂಚಿನ ಟೀವಿ ಕೊಳ್ಳಲು ಉಡುಪಿಗೆ ಹೋದಾಗ ಒಂದು ಅಂಗಡಿಯವರು ಫುಲ್ ಎಚ್‌ಡಿ ಸಾಕೆಂದರು, ಇನ್ನೊಂದು ಅಂಗಡಿಯವರು 4ಕೆ ಅಲ್ಲದಿದ್ದರೆ ಹಣ ದಂಡವೆಂದರು. ಯಾರ ಮಾತನ್ನು ನಂಬಬೇಕು? 1080ಐ ಮತ್ತು 1080ಪಿ ಎಂಬುದರ ವ್ಯತ್ಯಾಸವನ್ನೂ ತಿಳಿಸಿ.
– ನಿವೃತ್ತ ಅಧ್ಯಾಪಕರು, ಕುಂದಾಪುರ

ಉತ್ತರ: ಪೆಟ್ಟಿಗೆಯ ಮೇಲೆ ಬರೆದಿರುವ ರೆಸಲ್ಯೂಷನ್ ಪರದೆಯಲ್ಲಿ ಎಷ್ಟು ಚುಕ್ಕೆಗಳಿವೆ ಎಂಬುದನ್ನು ಮಾತ್ರ ಹೇಳುತ್ತದೆ. ಆ ಚುಕ್ಕೆಗಳಲ್ಲಿ ಎಷ್ಟು ನಿಮ್ಮ ಕಣ್ಣಿಗೆ ಬೇರೆಬೇರೆಯಾಗಿ ಕಾಣುತ್ತವೆ ಎಂಬುದನ್ನು ಕುಳಿತುಕೊಳ್ಳುವ ದೂರವೂ, ಅವುಗಳನ್ನು ತುಂಬಲು ಬೇಕಾದಷ್ಟು ವಿವರ ಒಳಗೆ ಬರುತ್ತಿದೆಯೇ ಎಂಬುದನ್ನು ನೀವು ನೋಡುವ ವಿಡಿಯೊವೂ ನಿರ್ಧರಿಸುತ್ತವೆ. ಆದ್ದರಿಂದ ನೀವು ಮೊದಲೇ ದೂರವನ್ನು ಅಳೆದಿಟ್ಟಿರುವುದು ಬಹಳ ಒಳ್ಳೆಯದಾಯಿತು.

ಎಚ್‌ಡಿ ರೆಡಿ ಎಂದು ಮಾರುವ ಟೀವಿಗಳಲ್ಲಿ ಬಹುಪಾಲು 1366×768 ಚುಕ್ಕೆಗಳ ಪ್ಯಾನೆಲ್ ಹೊಂದಿರುತ್ತವೆ. ಫುಲ್ ಎಚ್‌ಡಿ ಎಂದರೆ 1920×1080, ಅಂದರೆ ಸುಮಾರು 20.7 ಲಕ್ಷ ಚುಕ್ಕೆಗಳು. ಟೀವಿಗಳಲ್ಲಿ 4ಕೆ ಎಂದರೆ 3840×2160, ಅಂದರೆ ಫುಲ್ ಎಚ್‌ಡಿಯ ಸರಿಯಾಗಿ ನಾಲ್ಕು ಪಟ್ಟು, ಸುಮಾರು 83 ಲಕ್ಷ. ಸಾಮಾನ್ಯ ದೃಷ್ಟಿಯ ಕಣ್ಣು ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗದಷ್ಟು ಕೋನದ ವಿವರವನ್ನು ಗುರುತಿಸಬಲ್ಲದು ಎಂಬುದು ಕಣ್ಣಿನ ಪರೀಕ್ಷೆಯಲ್ಲಿ ಬಳಸುವ ಅಳತೆ. ಇದನ್ನು ಟೀವಿಗೆ ಅನ್ವಯಿಸಿದರೆ, ಒಂದು ಚುಕ್ಕೆಯ ಅಗಲದ ಸುಮಾರು 3,400 ಪಟ್ಟು ದೂರಕ್ಕಿಂತ ಹಿಂದೆ ಹೋದಾಗ ಪಕ್ಕಪಕ್ಕದ ಎರಡು ಚುಕ್ಕೆಗಳು ಒಂದಾಗಿಬಿಡುತ್ತವೆ. 43 ಇಂಚಿನ ಫುಲ್ ಎಚ್‌ಡಿ ಪರದೆಯಲ್ಲಿ ಒಂದು ಚುಕ್ಕೆಯ ಅಗಲ ಸುಮಾರು ಅರ್ಧ ಮಿಲಿಮೀಟರ್, ಹಾಗಾಗಿ ಆ ಗಡಿ ಐದೂವರೆ ಅಡಿಯ ಆಸುಪಾಸಿನಲ್ಲಿ ಬರುತ್ತದೆ. ಅದೇ ಅಳತೆಯ 4ಕೆ ಪರದೆಯ ಪೂರ್ಣ ವಿವರ ಕಾಣಬೇಕಾದರೆ ಮೂರಡಿಯೊಳಗೆ ಕೂರಬೇಕು. ಒಂಬತ್ತು ಅಡಿ ದೂರದಿಂದ ನೋಡುವವರಿಗೆ ಫುಲ್ ಎಚ್‌ಡಿಯ ಚುಕ್ಕೆಗಳೇ ಬಿಡಿಯಾಗಿ ಕಾಣಬೇಕೆಂದರೂ ಪರದೆ 65 ಇಂಚಿಗಿಂತ ದೊಡ್ಡದಿರಬೇಕಾಗುತ್ತದೆ. ಇದು ಅಂದಾಜಿನ ಲೆಕ್ಕವೇ ಹೌದು, ಕೆಲವರ ಕಣ್ಣು ಇದಕ್ಕಿಂತ ಚುರುಕಾಗಿರುತ್ತದೆ. ಆದರೂ ನಿಮ್ಮ ಚಾವಡಿಯಲ್ಲಿ 43 ಇಂಚಿನ ಫುಲ್ ಎಚ್‌ಡಿ ಟೀವಿ ಸಾಕೆಂದವರ ಮಾತೇ ಸರಿ. ಬೆಲೆಯಲ್ಲಿ ಹೆಚ್ಚು ಅಂತರವಿಲ್ಲದಿದ್ದರೆ 4ಕೆ ಕೊಂಡರೂ ನಷ್ಟವಿಲ್ಲ, ಆದರೆ ಅದಕ್ಕಾಗಿ ಉಳಿದ ಗುಣಗಳನ್ನು ಬಿಟ್ಟುಕೊಡಬೇಡಿ.

ಉಳಿದ ಗುಣಗಳೆಂದರೆ ಯಾವುವು ಎಂಬುದು ಯಕ್ಷಗಾನ ನೋಡುವವರಿಗೆ ಮುಖ್ಯವಾದ ವಿಚಾರ. ರಾತ್ರಿಯ ರಂಗಸ್ಥಳದಲ್ಲಿ ವೇಷಧಾರಿಯ ಹಿಂದೆ ಕತ್ತಲಿರುತ್ತದೆ, ಮುಂದೆ ಪ್ರಖರವಾದ ಬೆಳಕಿರುತ್ತದೆ. ಕಪ್ಪು ನಿಜವಾಗಿಯೂ ಕಪ್ಪಾಗಿ ಕಾಣುವ ಪರದೆಯಲ್ಲಿ ಕಿರೀಟದ ಹೊಳಪು ಎದ್ದು ಕಾಣುತ್ತದೆ. ಇದಕ್ಕೆ ವಿಎ ಬಗೆಯ ಪ್ಯಾನೆಲ್ ಒಳ್ಳೆಯದು. ಮನೆಯವರೆಲ್ಲ ಚಾವಡಿಯ ಉದ್ದಕ್ಕೂ ಕುಳಿತು ಓರೆಯಿಂದ ನೋಡುವುದಾದರೆ ಐಪಿಎಸ್ ಬಗೆಯದು ವಾಸಿ, ಏಕೆಂದರೆ ಪಕ್ಕದಿಂದ ನೋಡಿದಾಗ ಅದರ ಬಣ್ಣ ಅಷ್ಟಾಗಿ ಮಾಸುವುದಿಲ್ಲ. ಅಂಗಡಿಯಲ್ಲಿ ಟೀವಿಯ ಎದುರು ನಿಂತು ಮಾತ್ರ ನೋಡದೆ ಪಕ್ಕಕ್ಕೆ ಸರಿದೂ ನೋಡಿ.

ಬಣ್ಣದ ವಿಷಯದಲ್ಲಿ ಹೆಚ್ಚಿನವರಿಗೆ ತಿಳಿಯದ ಇನ್ನೊಂದು ಸಂಗತಿಯಿದೆ. ನಾವು ನೋಡುವ ಬಹುತೇಕ ಎಲ್ಲ ವಿಡಿಯೊಗಳಲ್ಲಿ ಬೆಳಕು ಮತ್ತು ನೆರಳಿನ ವಿವರವನ್ನು ಪೂರ್ತಿಯಾಗಿ ಇಟ್ಟುಕೊಂಡು, ಬಣ್ಣದ ವಿವರವನ್ನು ಅದರ ಕಾಲು ಭಾಗಕ್ಕೆ ಇಳಿಸಿರುತ್ತಾರೆ. 1920×1080ರ ವಿಡಿಯೊದಲ್ಲಿ ಬಣ್ಣಕ್ಕೆ ಸಿಗುವುದು 960×540 ಮಾತ್ರ. ಮುಖದಲ್ಲಿ, ಮರಗಿಡಗಳಲ್ಲಿ ಇದು ಗೊತ್ತಾಗುವುದಿಲ್ಲ. ಆದರೆ ಬಡಗುತಿಟ್ಟಿನ ಕಸೆ ಸೀರೆಯ ಕೆಂಪು ಚೌಕಳಿಗಳು ಕೂಡಿಕೊಂಡು ಕಲಸಿದಂತಾಗುವುದಕ್ಕೆ ಇದೂ ಒಂದು ಕಾರಣ. 4ಕೆ ಮೂಲದಲ್ಲಿ ಚಿತ್ರೀಕರಿಸಿದ ವಿಡಿಯೊದಲ್ಲಿ ಬಣ್ಣಕ್ಕೇ 1920×1080 ಸಿಗುವುದರಿಂದ, ಅದನ್ನು ಫುಲ್ ಎಚ್‌ಡಿಗೆ ಇಳಿಸಿ ತೋರಿಸಿದರೂ ಈ ದೋಷ ಕಡಿಮೆಯಾಗುತ್ತದೆ. ಮೇಳಗಳ ಆಟಗಳನ್ನು ದಾಖಲಿಸುವ ನಮ್ಮ ಜಿಲ್ಲೆಗಳ ಉತ್ಸಾಹಿಗಳು ಇದನ್ನು ಗಮನಿಸಬೇಕೆಂದು ನನ್ನ ಮನವಿ, ಏಕೆಂದರೆ ಇಂದು ಕಳೆದುಹೋದ ವಿವರವನ್ನು ನಾಳಿನ ಯಾವ ಟೀವಿಯೂ ಮರಳಿ ತರಲಾರದು. ಹಿಂದೆ ವಿಸಿಡಿಯಲ್ಲಿ ಬಂದ ಪ್ರಸಂಗಗಳಲ್ಲಿದ್ದದ್ದು 352×288 ಚುಕ್ಕೆಗಳು. ಅವನ್ನು ಈಗ ಯೂಟ್ಯೂಬಿಗೆ 1080ಪಿ ಎಂದು ಏರಿಸಿದರೂ ಹಿರಿಯ ಕಲಾವಿದರ ಮುಖವರ್ಣಿಕೆಯ ಗೆರೆಗಳು ಸ್ಪಷ್ಟವಾಗುವುದಿಲ್ಲ.

ಇನ್ನು ಐ ಮತ್ತು ಪಿ. 1080ಪಿಯಲ್ಲಿ ಪ್ರತಿ ಚಿತ್ರವೂ 1080 ಗೆರೆಗಳೊಂದಿಗೆ ಇಡಿಯಾಗಿ ಬರುತ್ತದೆ. 1080ಐಯಲ್ಲಿ ಒಮ್ಮೆ ಬೆಸ ಗೆರೆಗಳು, ಮತ್ತೊಮ್ಮೆ ಸಮ ಗೆರೆಗಳು ಬರುತ್ತವೆ. ನಮ್ಮ ದೇಶದ ಎಚ್‌ಡಿ ಚಾನೆಲ್‌ಗಳು ಸಾಮಾನ್ಯವಾಗಿ ಈ ಎರಡನೆಯ ಬಗೆಯಲ್ಲಿ, ಸೆಕೆಂಡಿಗೆ 50 ಅರೆಚಿತ್ರಗಳಂತೆ ಪ್ರಸಾರವಾಗುತ್ತವೆ ಮತ್ತು ಅವುಗಳನ್ನು ಹೊಂದಿಸಿ ಇಡೀ ಚಿತ್ರವಾಗಿಸುವ ಕೆಲಸ ಟೀವಿಯದ್ದಾಗುತ್ತದೆ. ವಾರ್ತೆ ಓದುವವರು ಅಲುಗದೆ ಕುಳಿತಿರುವುದರಿಂದ ಅಲ್ಲಿ ತೊಂದರೆಯಿಲ್ಲ. ತೆಂಕುತಿಟ್ಟಿನ ದಿಗಿಣದಲ್ಲೋ ಬಡಗಿನ ಮಂಡಿ ತಿರುಗುವಲ್ಲೋ ಎರಡು ಅರೆಚಿತ್ರಗಳ ನಡುವೆ ವೇಷ ಬಹಳ ದೂರ ಸರಿದಿರುತ್ತದೆ. ಹೊಂದಿಸುವ ಕೆಲಸ ಚೆನ್ನಾಗಿ ಆಗದಿದ್ದರೆ ಅಂಚುಗಳು ಗರಗಸದ ಹಲ್ಲಿನಂತೆ ಕಾಣುತ್ತವೆ. ಇಂತಹ ದೃಶ್ಯಗಳಿಗೆ ಸೆಕೆಂಡಿಗೆ 50 ಪೂರ್ಣ ಚಿತ್ರಗಳಿರುವ 720ಪಿ ವಿಡಿಯೊ, ಸೆಕೆಂಡಿಗೆ 25 ಚಿತ್ರಗಳಿರುವ 1080ಪಿಗಿಂತ ಹಿತವಾಗಿ ಕಾಣುವುದುಂಟು.

ಪ್ರಶ್ನೆ: ಮಕ್ಕಳ ಒತ್ತಾಯಕ್ಕೆ 55 ಇಂಚಿನ 4ಕೆ ಟೀವಿ ತಂದೆವು. ಆದರೆ ನಾವು ದಿನವೂ ನೋಡುವ ಕನ್ನಡ ಚಾನೆಲ್‌ಗಳು ಹಳೆಯ ಡಬ್ಬಿ ಟೀವಿಯಲ್ಲಿದ್ದಷ್ಟೂ ಚೆನ್ನಾಗಿ ಕಾಣುತ್ತಿಲ್ಲ. ಟೀವಿಯಲ್ಲಿ ದೋಷವಿದೆಯೇ?
– ಓದುಗರು, ಸುರತ್ಕಲ್

ಉತ್ತರ: ದೋಷ ಟೀವಿಯದ್ದಾಗಿರುವ ಸಂಭವ ಕಡಿಮೆ. ಎಚ್‌ಡಿ ಅಲ್ಲದ ಚಾನೆಲ್‌ನ ಚಿತ್ರದಲ್ಲಿ ಹೆಚ್ಚೆಂದರೆ 720×576, ಅಂದರೆ 4,14,720 ಚುಕ್ಕೆಗಳಿರುತ್ತವೆ. ನಿಮ್ಮ ಪರದೆಯಲ್ಲಿರುವುದು ಅದರ ಸರಿಯಾಗಿ ಇಪ್ಪತ್ತು ಪಟ್ಟು. ಬಂದ ಒಂದು ಚುಕ್ಕೆಯಿಂದ ಇಪ್ಪತ್ತನ್ನು ತುಂಬಿಸಬೇಕಾದ ಟೀವಿ ಉಳಿದದ್ದನ್ನು ಊಹೆಯಿಂದಲೇ ತುಂಬಿಸುತ್ತದೆ, ಜೊತೆಗೆ ಪ್ರಸಾರಕ್ಕಾಗಿ ಚಿತ್ರವನ್ನು ಒತ್ತಿ ಕಿರಿದಾಗಿಸಿದಾಗ ಉಂಟಾದ ಕಲೆಗಳನ್ನೂ ದೊಡ್ಡದು ಮಾಡಿ ತೋರಿಸುತ್ತದೆ. ಹಳೆಯ ಡಬ್ಬಿ ಟೀವಿಯ ಚಿಕ್ಕ ಪರದೆಯೂ ಅದರ ಮೃದುವಾದ ಚಿತ್ರವೂ ಇವನ್ನೆಲ್ಲ ಮುಚ್ಚಿಡುತ್ತಿದ್ದವು.

ಮೊದಲು ಸೆಟ್‌ಟಾಪ್ ಬಾಕ್ಸಿನ ಹಿಂಬದಿಯನ್ನು ನೋಡಿ. ಹಳದಿ, ಕೆಂಪು, ಬಿಳಿ ಪಿನ್ನುಗಳ ಕೇಬಲ್ ಸಿಕ್ಕಿಸಿದ್ದರೆ ಅದರ ಮೂಲಕ ಎಚ್‌ಡಿ ಚಿತ್ರ ಬರಲು ಸಾಧ್ಯವೇ ಇಲ್ಲ. ಎಚ್‌ಡಿಎಂಐ ಕೇಬಲ್ ಬೇಕು. ಬಾಕ್ಸ್ ಎಚ್‌ಡಿಯದ್ದಾಗಿರಬೇಕು, ಅದರ ಸೆಟ್ಟಿಂಗ್‌ನಲ್ಲಿ 1080 ಆಯ್ಕೆಯಾಗಿರಬೇಕು, ನೀವು ನೋಡುವ ಚಾನೆಲ್‌ಗಳ ಎಚ್‌ಡಿ ರೂಪಕ್ಕೆ ಚಂದಾ ಕಟ್ಟಿರಬೇಕು. ಎಚ್‌ಡಿ ರೂಪವೇ ಇಲ್ಲದ ಚಾನೆಲ್‌ಗಳಿಗೆ ಟೀವಿಯ ಶಾರ್ಪ್‌ನೆಸ್ ಇಳಿಸಿದರೆ ಕಲೆಗಳು ಸ್ವಲ್ಪ ಅಡಗುತ್ತವೆ. 4ಕೆಯ ನಿಜವಾದ ಪ್ರಯೋಜನ ಬೇಕೆಂದರೆ ಇಂಟರ್‌ನೆಟ್ ಮೂಲಕವೇ ನೋಡಬೇಕು. ನೆಟ್‌ಫ್ಲಿಕ್ಸ್ 4ಕೆಗೆ 15 ಎಂಬಿಪಿಎಸ್, ಫುಲ್ ಎಚ್‌ಡಿಗೆ 5 ಎಂಬಿಪಿಎಸ್ ವೇಗವಿರಲಿ ಎಂದು ಸೂಚಿಸುತ್ತದೆ.

ಪ್ರಶ್ನೆ: ಕೋಣೆಯಲ್ಲಿರುವ 32 ಇಂಚಿನ ಟೀವಿಗೆ ಲ್ಯಾಪ್‌ಟಾಪ್ ಜೋಡಿಸಿದರೆ ಸಿನಿಮಾ ಚೆನ್ನಾಗಿ ಕಾಣುತ್ತದೆ, ಆದರೆ ಅಕ್ಷರಗಳು ಮಸುಕಾಗುತ್ತವೆ, ಅಂಚುಗಳೂ ಕತ್ತರಿಸಿಹೋಗುತ್ತವೆ. ಏಕೆ?
– ವಿದ್ಯಾರ್ಥಿನಿ, ಮಣಿಪಾಲ

ಉತ್ತರ: ನಿಮ್ಮದು 1366×768ರ ಪ್ಯಾನೆಲ್ ಆಗಿರಬೇಕು. ಅಂಥ ಟೀವಿ 1080ರ ಸಂಕೇತವನ್ನು ಒಪ್ಪಿಕೊಂಡರೂ ಅದನ್ನು ಕುಗ್ಗಿಸಿಯೇ ತೋರಿಸುತ್ತದೆ. ಈ ಕುಗ್ಗಿಸುವಿಕೆ ಪೂರ್ಣಸಂಖ್ಯೆಯ ಅನುಪಾತದಲ್ಲಿ ಆಗದಿರುವುದರಿಂದ ಒಂದು ಚುಕ್ಕೆ ಅಗಲದ ತೆಳು ಗೆರೆಗಳೆಲ್ಲ ಪಕ್ಕದ ಚುಕ್ಕೆಗಳಿಗೆ ಹರಡುತ್ತವೆ. ಚಲಿಸುವ ಸಿನಿಮಾದಲ್ಲಿ ಗೊತ್ತಾಗದ ಈ ಹರಡುವಿಕೆ ಕನ್ನಡದ ಒತ್ತಕ್ಷರಗಳಲ್ಲಿ ಕೂಡಲೇ ಗೊತ್ತಾಗುತ್ತದೆ. ಲ್ಯಾಪ್‌ಟಾಪಿನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 1366×768 ಅಥವಾ 1360×768 ಇದ್ದರೆ ಅದನ್ನು ಆರಿಸಿ. ಅಂಚು ಕತ್ತರಿಸುವುದು ಟೀವಿಯೇ ಮಾಡುವ ಹಿಗ್ಗಿಸುವಿಕೆಯಿಂದ. ಚಿತ್ರದ ಅಳತೆಯ ಮೆನುವಿನಲ್ಲಿ ‘ಜಸ್ಟ್ ಸ್ಕ್ಯಾನ್’ ಅಥವಾ ‘ಸ್ಕ್ರೀನ್ ಫಿಟ್’ ಎಂಬ ಹೆಸರಿನ ಆಯ್ಕೆ ಇರುತ್ತದೆ, ಅದನ್ನು ಒತ್ತಿ. ಮೇಜಿನ ಮೇಲಿಟ್ಟು ಎರಡಡಿ ದೂರದಿಂದ ದಿನವೂ ಓದುವ ಉದ್ದೇಶವಿದ್ದರೆ ಮಾತ್ರ ಈ ಟೀವಿಯನ್ನು ನೆಚ್ಚಬೇಡಿ. 24 ಇಂಚಿನ ಫುಲ್ ಎಚ್‌ಡಿ ಮಾನಿಟರ್ ಅದಕ್ಕಿಂತ ಚಿಕ್ಕದಾದರೂ ಅಕ್ಷರಗಳನ್ನು ಬಹಳ ಸ್ಪಷ್ಟವಾಗಿ ತೋರಿಸುತ್ತದೆ.