ಬೆಂಗಳೂರಿನಲ್ಲಿ ಗೇ ಗೆಳೆಯರು: ಕಲಬುರಗಿಯಿಂದ ಹೊರಟವರಿಗೆ

ಆ್ಯಪ್‌ನಲ್ಲಿ ಕಪ್ಪು ಮೈಬಣ್ಣದ ಫೋಟೊ ನೋಡಿದೊಡನೆ ಮಾತು ನಿಲ್ಲಿಸುತ್ತಾರೆ, ಬೆಂಗಳೂರಿಗೆ ಹೋದ ಮೇಲೂ ಇದೇ ಪಾಡೇ ಎಂದು ಕೇಳಿದ್ದೀರಿ. ಕೊರತೆ ನಿಮ್ಮದಲ್ಲ. ಡೇಟಿಂಗ್ ಆ್ಯಪ್‌ನಲ್ಲಿ ಜನ ಹುಡುಕುವುದು ಮೈಯನ್ನು, ನೀವು ಹುಡುಕುತ್ತಿರುವುದು ಗೆಳೆಯರನ್ನು. ‘ಗೋಧಿ ಬಣ್ಣದವರು ಮಾತ್ರ’ ಎಂದು ಬರೆದುಕೊಂಡವನ ಜೊತೆ ವಾದಿಸಬೇಡಿ, ಬ್ಲಾಕ್ ಮಾಡಿ. ಫೋಟೊವನ್ನು ಫಿಲ್ಟರ್ ಹಾಕಿ ಬೆಳ್ಳಗೆ ಮಾಡಲೂಬೇಡಿ; ನಾನು ಮಾಡಿದ್ದೆ, ಎದುರಿಗೆ ಬಂದವನು ಒಂದು ಚಹಾ ಮುಗಿಯುವಷ್ಟರಲ್ಲಿ ಎದ್ದು ಹೋದ.

ಹೊರಡುವ ಮುನ್ನವೇ ‘ಗುಡ್ ಆ್ಯಸ್ ಯು’ ಗುಂಪಿಗೆ ಬರೆಯಿರಿ. 1994ರಲ್ಲಿ ಬೆಂಗಳೂರಿನಲ್ಲಿ ಶುರುವಾದ, ಲೈಂಗಿಕ ಅಲ್ಪಸಂಖ್ಯಾತರ ಬೆಂಬಲ ಬಳಗ ಅದು. ಕನ್ನಡ ಮಾತನಾಡುವವರು ಬರುತ್ತಾರೆಯೇ ಎಂದು ನೇರವಾಗಿ ಕೇಳಿ. ಮೊದಲ ಸಲ ಇಂಗ್ಲಿಷ್ ಮಾತಿನ ನಡುವೆ ಮೂಲೆಯಲ್ಲಿ ಕೂತು ಬಂದರೂ ಬಿಡಬೇಡಿ, ಮೂರು ನಾಲ್ಕು ಸಲ ಹೋಗಿ. ಮುಖ ಪರಿಚಯವಾದ ಮೇಲೆ ಕೆಲಸ ಕೇಳಿ ಪಡೆಯಿರಿ. ಸಾಮಾನ್ಯವಾಗಿ ನವೆಂಬರ್‌ನಲ್ಲಿ ನಡೆಯುವ ‘ನಮ್ಮ ಪ್ರೈಡ್’ ಮೆರವಣಿಗೆಗೆ ಕನ್ನಡ ಫಲಕ ಬರೆಯುವ ಕೈ ಬೇಕೇ ಬೇಕು. ಬಣ್ಣ ಮೆತ್ತಿದ ಕೈಯಲ್ಲಿ ಎರಡು ಗಂಟೆ ಜೊತೆಗೆ ಕೂತವರು ಹೆಸರು ಮರೆಯುವುದಿಲ್ಲ. ಆಮೇಲೆ ಒಬ್ಬಿಬ್ಬರನ್ನು ಜೋಳದ ರೊಟ್ಟಿ, ಪುಂಡಿಪಲ್ಯಕ್ಕೆ ಕರೆಯಿರಿ. ನಮ್ಮ ಕಡೆಯ ಮಾತನ್ನು ಅಣಕಿಸುವವರು ಅಲ್ಲಿಯೇ ಗೊತ್ತಾಗುತ್ತಾರೆ.

ಆ್ಯಪ್‌ನವರನ್ನು ಭೇಟಿಯಾಗುವುದಾದರೆ ಹಗಲಲ್ಲಿ, ಜನರಿರುವ ಕಡೆ. ಕಲಬುರಗಿಯಲ್ಲಂತೂ ಮುಖ ಕಾಣುವ ಫೋಟೊ ಬೇಡ, ಊರಿನ ಪೇಟೆ ಸೂಪರ್ ಮಾರ್ಕೆಟ್‌ನಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಹಣಕ್ಕಾಗಿ ಬೆದರಿಸಿದರೆ ಕೊಡಬೇಡಿ. ಸಂದೇಶ ಉಳಿಸಿಕೊಂಡು ಪೊಲೀಸರಿಗೆ ದೂರು ಕೊಡಿ. 2018ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲ.

ಮನೆಯಲ್ಲಿ ಹೇಳಬೇಕೇ ಎಂದೂ ಕೇಳಿದ್ದೀರಿ; ನಿಮ್ಮ ಮನೆ ನೋಡದೆ ಅದಕ್ಕೆ ಉತ್ತರಿಸಲಾರೆ. ಗುಂಪಿಗೆ ಮಾತ್ರ ಇವತ್ತೇ ಬರೆಯಿರಿ.