ಮನ ಸೂರೆಗೊಂಡದ್ದು ಸರಿ, ಕಾಲು ಏನು ಮಾಡ್ತು?

ನಮಸ್ಕಾರ.

ನೀವು ಕಳಿಸಿದ ‘ಬೀದಿಯಿಂದ ವೇದಿಕೆಗೆ’ ಲೇಖನವನ್ನ ಎರಡು ಸಲ ಓದಿದೆ. ಹಾಸನದ ಐದು ಹುಡುಗರು ಟಿವಿ ಡ್ಯಾನ್ಸ್ ಶೋ ಆಡಿಷನ್‌ಗೆ ಹೋಗಿ, ಎರಡನೇ ಸುತ್ತಿನಲ್ಲಿ ಹೊರಬಿದ್ದು ಊರಿಗೆ ವಾಪಸ್ ಬಂದ ಕಥೆ. ವಿಷಯ ಚೆನ್ನಾಗಿದೆ. ಕಾಗುಣಿತದ ತಪ್ಪಿಲ್ಲ. ಹೇಳಿದ ದಿನಕ್ಕೆ ಕಳಿಸಿದ್ದೀರಿ, ಅದು ಈ ಕಾಲದಲ್ಲಿ ದೊಡ್ಡದೇ. ಹೊಗಳಿದ್ದು ಇಷ್ಟು ಸಾಕು ಅಲ್ವಾ? ಈಗ ಜಗಳಕ್ಕೆ ಬರೋಣ.

“ಬಡತನದ ಬೇಗೆಯಲ್ಲಿ ಬೆಂದ ಕಂಗಳಲ್ಲಿ ಸಾವಿರ ಕನಸು.” ಇದು ನಿಮ್ಮ ಮೊದಲ ವಾಕ್ಯ. ಎರಡನೇ ವಾಕ್ಯದಲ್ಲಿ ಅಪ್ಪ ಆಟೋ ಓಡಿಸುತ್ತಾರೆ. ಮೂರನೆಯದರಲ್ಲಿ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಇದನ್ನ ಎಲ್ಲೋ ನೋಡಿದ್ದೀನಲ್ಲ ಅನ್ನಿಸಿತು. ಎಲ್ಲೋ ಏನು, ಟಿವಿಯಲ್ಲೇ. ಸ್ಪರ್ಧಿ ವೇದಿಕೆಗೆ ಬರುವ ಮುಂಚೆ ಎರಡು ನಿಮಿಷದ ವಿಡಿಯೋ ಹಾಕುತ್ತಾರಲ್ಲ, ಹಿಂದೆ ಕೊಳಲು, ಮುಂದೆ ಹೆಂಚಿನ ಮನೆ, ಅದನ್ನೇ ನೀವು ಅಕ್ಷರಕ್ಕೆ ಇಳಿಸಿದ್ದೀರಿ. ಆಮೇಲೆ ನಾಲ್ಕನೇ ಪುಟದಲ್ಲಿ “ವಾಹಿನಿಗಳು ಬಡತನವನ್ನು ಮಾರುತ್ತವೆ” ಅಂತ ಬೈಯುತ್ತೀರಿ. ಸ್ವಾಮಿ, ಪಕ್ಕದಲ್ಲೇ ನಿಮ್ಮದೂ ಅದೇ ಅಂಗಡಿ ಇದೆ.

ಹೋಗಲಿ, ಡ್ಯಾನ್ಸ್ ಬಂದಾಗಲಾದರೂ ಏನೋ ಕಾಣುತ್ತದೆ ಅಂದುಕೊಂಡೆ. ಅಲ್ಲಿ ಬರೆದಿದ್ದೀರಿ: “ಅವನು ಬೆಂಕಿಯಂತೆ ಕುಣಿದ. ವೇದಿಕೆ ನಡುಗಿತು. ತೀರ್ಪುಗಾರರು ಎದ್ದು ನಿಂತರು.” ಬೆಂಕಿ ಅಂದರೆ ಯಾವ ಬೆಂಕಿ? ಒಲೆಯದೋ, ಕಾಡ್ಗಿಚ್ಚೋ? ವೇದಿಕೆ ನಡುಗಿದ್ದರೆ ಬಡಗಿಯನ್ನ ಕರೆಸಬೇಕು. ತೀರ್ಪುಗಾರರು ಎದ್ದು ನಿಂತದ್ದು ತೀರ್ಪುಗಾರರ ಸುದ್ದಿ, ಹುಡುಗನ ಸುದ್ದಿಯಲ್ಲ. ನಾಲ್ಕು ಪುಟ ಡ್ಯಾನ್ಸ್ ಬಗ್ಗೆ ಓದಿದೆ, ಒಬ್ಬನ ಕಾಲೂ ಕಾಣಲಿಲ್ಲ.

ಮಧ್ಯೆ “ಬೇಲೂರಿನ ಶಿಲಾಬಾಲಿಕೆಯರ ನಾಡಿನ ಹುಡುಗರು” ಬೇರೆ. ನಮ್ಮ ಜಿಲ್ಲೆಯವರು ಆಲೂಗಡ್ಡೆ ಬೆಲೆ ಬಗ್ಗೆ ಬರೆದರೂ ಶಿಲಾಬಾಲಿಕೆ ಬಂದೇ ಬರುತ್ತಾಳೆ. ಕರೆಯುವುದಾದರೆ ಸರಿಯಾಗಿ ಕರೆಯಿರಿ. ಯಾವ ಮಂಡಿ ಬಗ್ಗಿದೆ, ಸೊಂಟ ಯಾವ ಕಡೆ ವಾಲಿದೆ, ಭಾರ ಯಾವ ಪಾದದ ಮೇಲಿದೆ, ಎಲ್ಲವನ್ನೂ ಆ ಶಿಲ್ಪಿ ಒಂಬೈನೂರು ವರ್ಷದ ಹಿಂದೆ ಕಲ್ಲಿನಲ್ಲಿ ಹೇಳಿ ಹೋಗಿದ್ದಾನೆ. ನಿಮ್ಮ ಕೈಯಲ್ಲಿ ಇರುವುದು ಬರೀ ಪೆನ್ನು, ಉಳಿಗಿಂತ ಹಗುರ.

ನನಗೆ ಇಷ್ಟು ಸಿಟ್ಟು ಯಾಕೆ ಅಂದರೆ, ಇದೇ ತಪ್ಪು ಮಾಡಿ ನಾನೂ ಬೈಸಿಕೊಂಡಿದ್ದೆ. ಹಾಸನದ ಒಂದು ಸಣ್ಣ ಪತ್ರಿಕೆಯಲ್ಲಿ ಕೆಲಸಕ್ಕೆ ಸೇರಿದ ಹೊಸತು. ಸಕಲೇಶಪುರದ ಕಡೆ ಒಂದು ಊರಿಗೆ ಸುಗ್ಗಿ ಕುಣಿತದ ವರದಿಗೆ ಕಳಿಸಿದ್ದರು. ಅತಿಥಿಗಳ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತು, ಊಟ ಮುಗಿಸಿ, ಕೊನೇ ಬಸ್ಸಿಗೆ ಬಂದು ಬರೆದೆ: “ಕಲಾವಿದರು ಪ್ರೇಕ್ಷಕರ ಮನ ಸೂರೆಗೊಂಡರು.” ನಮ್ಮ ಉಪಸಂಪಾದಕರು ಎಲೆ ಅಡಿಕೆ ಹಾಕಿಕೊಂಡೇ ಓದಿದರು. ಕನ್ನಡಕದ ಮೇಲಿಂದ ನೋಡಿ, “ಮನ ಸೂರೆಗೊಂಡದ್ದು ಸರಿ ಮಾರಾಯ, ಕಾಲು ಏನು ಮಾಡ್ತು?” ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮಾರನೇ ದಿನ ಮತ್ತೆ ಬಸ್ಸು ಹತ್ತಿದೆ. ಒಬ್ಬ ಅಜ್ಜ ಅಂಗಳದಲ್ಲಿ ಪಂಚೆ ಎತ್ತಿ ಕಟ್ಟಿ, ನನಗೊಬ್ಬನಿಗೇ ನಾಲ್ಕು ಹೆಜ್ಜೆ ಹಾಕಿ ತೋರಿಸಿದರು. ಹಿಮ್ಮಡಿ ಮೊದಲು ಊರುತ್ತದೋ ಬೆರಳೋ ಅಂತ ನೋಡೋಕೆ ನಾನು ನೆಲಕ್ಕೆ ಕುಕ್ಕರಗಾಲಲ್ಲಿ ಕೂತಿದ್ದೆ. ವರದಿಗೆ ಸೇರಿದ್ದು ಎರಡೇ ಸಾಲು. ಎರಡನೇ ಸಲದ ಬಸ್ ಚಾರ್ಜ್ ನನ್ನ ಜೇಬಿಂದಲೇ ಹೋಯಿತು, ಅದು ಬೇರೆ ಮಾತು.

ಇನ್ನೊಂದು ಜಗಳ. “ಮೈಮೂಳೆ ಮುರಿಯುವಂತೆ ಕುಣಿಯುವುದರಿಂದ ಬ್ರೇಕ್ ಡ್ಯಾನ್ಸ್ ಎಂಬ ಹೆಸರು ಬಂತು” ಅಂತ ಬರೆದಿದ್ದೀರಿ. ಇದನ್ನ ಯಾರು ಹೇಳಿದರು ನಿಮಗೆ? 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಶಾಲೆಗೆ ಹೊಸ ಬಟ್ಟೆ ತೆಗೆದುಕೊಳ್ಳೋಕೆ ದುಡ್ಡು ಕೂಡಿಸಲು ಒಂದು ಪಾರ್ಟಿ ಇಟ್ಟಳು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50. ರೆಕಾರ್ಡ್ ಹಾಕಿದ್ದು ಅವಳ ಅಣ್ಣ, ಡಿಜೆ ಕೂಲ್ ಹರ್ಕ್. ಹಾಡಿನ ಮಧ್ಯೆ ಗಾಯನ ನಿಂತು ಬರೀ ಡ್ರಮ್ ಉಳಿಯುತ್ತದಲ್ಲ, ಆ ತುಣುಕಿಗೆ ಬ್ರೇಕ್ ಅನ್ನುತ್ತಾರೆ. ಕುಣಿಯುವವರು ಅದಕ್ಕೇ ಕಾಯುತ್ತಿರುತ್ತಾರೆ ಅನ್ನುವುದನ್ನ ಹರ್ಕ್ ಗಮನಿಸಿದ. ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು, ಒಂದು ಮುಗಿಯುತ್ತಲೇ ಇನ್ನೊಂದರಲ್ಲಿ ಅದೇ ತುಣುಕು ಹಾಕಿ ಎಳೆದ. ಆ ಬ್ರೇಕ್‌ಗೆ ಕುಣಿದವರು ಬಿ-ಬಾಯ್, ಬಿ-ಗರ್ಲ್, ಅವರ ಕುಣಿತ ಬ್ರೇಕಿಂಗ್. ಮೂಳೆಗೂ ಅದಕ್ಕೂ ಸಂಬಂಧ ಇಲ್ಲ.

ಮುಂದಿನ ಸಾಲು: “ಇನ್ನೊಬ್ಬ ರೋಬೋಟ್‌ನಂತೆ ಬ್ರೇಕ್ ಡ್ಯಾನ್ಸ್ ಮಾಡಿದ.” ಅದು ಬ್ರೇಕಿಂಗ್ ಅಲ್ಲ, ಪಾಪಿಂಗ್ ಇರಬೇಕು. ತಾಳಕ್ಕೆ ಸರಿಯಾಗಿ ತೋಳು, ಎದೆ, ತೊಡೆಯ ಸ್ನಾಯು ಬಿಗಿ ಹಿಡಿದು ಫಟ್ಟನೆ ಬಿಡುವುದು. ಅದು ಹುಟ್ಟಿದ್ದು ಬ್ರಾಂಕ್ಸ್‌ನಲ್ಲಲ್ಲ, ದೇಶದ ಇನ್ನೊಂದು ತುದಿಯ ಕ್ಯಾಲಿಫೋರ್ನಿಯಾದಲ್ಲಿ. ಕೋಲಾಟ ನೋಡಿ ಬಂದವನು ವೀರಗಾಸೆ ಅಂತ ಬರೆದರೆ ನಮಗೆ ಹೇಗಾಗುತ್ತದೆ ಹೇಳಿ.

ಈ ಹೆಸರುಗಳ ಗಲಾಟೆ ಸುಮ್ನೆ ಎತ್ತಿದ್ದಲ್ಲ. ಹುಡುಗರು ಸೋತದ್ದಕ್ಕೆ ನೀವು “ಅದೃಷ್ಟ ಕೈಕೊಟ್ಟಿತು” ಅಂದುಬಿಟ್ಟಿರಿ. ಎದುರುಬದುರು ನಿಂತು ಪೈಪೋಟಿಗೆ ಕುಣಿಯುವ ಬ್ಯಾಟಲ್‌ನಲ್ಲಿ ಡಿಜೆ ಯಾವ ಹಾಡು ಹಾಕುತ್ತಾನೆ ಅಂತ ಕುಣಿಯುವವನಿಗೆ ಮೊದಲೇ ಗೊತ್ತಿರುವುದಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬ್ರೇಕಿಂಗ್ ಮೊದಲ ಸಲ ಬಂದಾಗಲೂ ಹಾಗೇ. ಚಿನ್ನ ಗೆದ್ದ ಜಪಾನಿನ ಅಮಿ, ಕೆನಡಾದ ಫಿಲ್ ವಿಝಾರ್ಡ್ ಇಬ್ಬರೂ ಕಿವಿಗೆ ಬಿದ್ದದ್ದಕ್ಕೆ ಆ ಕ್ಷಣಕ್ಕೆ ಕುಣಿದವರು. ಟಿವಿಯಲ್ಲಿ ಹಾಡು ಮೊದಲೇ ಸಿಗುತ್ತದೆ. ಸಾಮಾನ್ಯವಾಗಿ ಸಿನಿಮಾ ಹಾಡು, ಕತ್ತರಿಸಿ ಎರಡು ನಿಮಿಷಕ್ಕೆ ತಂದದ್ದು. ಎಣಿಸಿದ ಹೆಜ್ಜೆ, ಒಂದೇ ಬಣ್ಣದ ಬಟ್ಟೆ, ಮುಖ ಕ್ಯಾಮೆರಾ ಕಡೆ. ಸುತ್ತ ನಿಂತ ಗೆಳೆಯರ ನಡುವೆ, ಎದುರಾಳಿಯ ಕಣ್ಣು ನೋಡಿ ಕುಣಿದು ಅಭ್ಯಾಸ ಆದವನಿಗೆ ಅಲ್ಲಿ ಏನಾಯಿತು? ಕೇಳಿದಿರಾ? ಟಿವಿಗೆ ಒಗ್ಗಿಕೊಂಡು ಗೆದ್ದವರೂ ಇದ್ದಾರೆ. ಮುಂಬೈ ಹತ್ತಿರದ ಕಿಂಗ್ಸ್ ತಂಡ 2019ರಲ್ಲಿ ಅಮೆರಿಕದ ವರ್ಲ್ಡ್ ಆಫ್ ಡ್ಯಾನ್ಸ್ ಗೆದ್ದು ಹತ್ತು ಲಕ್ಷ ಡಾಲರ್ ತಂದರು. ನಿಮ್ಮ ಐವರು ಎಲ್ಲಿ ತಡವರಿಸಿದರು ಅನ್ನುವುದು ಅವರ ಬಾಯಿಂದಲೇ ಬರಬೇಕು. ಅದು ಬಂದರೆ ಅಮ್ಮನ ಸೆರಗು ಬೇಕಾಗುವುದಿಲ್ಲ.

ಕೊನೆಗೆ ಮೂರನೇ ಪುಟದ ಒಂದು ವಾಕ್ಯ. ಅದನ್ನ ನೀವು ಕಂಸದೊಳಗೆ ಹಾಕಿ ಮುಚ್ಚಿಟ್ಟಿದ್ದೀರಿ: “ಚುನಾವಣೆ ಮುಗಿದ ಮೇಲೆ ಬಿಸಾಡಿದ ಫ್ಲೆಕ್ಸ್ ಹಾಸಿಕೊಂಡು ಬಿ.ಎಂ. ರಸ್ತೆಯಲ್ಲಿ ರಾತ್ರಿ ಅಭ್ಯಾಸ ಮಾಡುತ್ತಾರೆ, ಬಾಗಿಲು ಹಾಕಿದ ಅಂಗಡಿಯ ಗಾಜೇ ಕನ್ನಡಿ.” ಇದನ್ನ ಓದಿ ನಾನು ಕುರ್ಚಿಯಿಂದ ಎದ್ದು ಎರಡು ಸುತ್ತು ಓಡಾಡಿದೆ. ನ್ಯೂಯಾರ್ಕಿನ ಹುಡುಗರು ರಟ್ಟಿನ ಡಬ್ಬ ಬಿಚ್ಚಿ ರಸ್ತೆ ಮೇಲೆ ಹಾಸಿಕೊಂಡು ತಲೆ ಮೇಲೆ ತಿರುಗುತ್ತಿದ್ದರು. ನಮ್ಮವರಿಗೆ ಫ್ಲೆಕ್ಸ್ ಸಿಕ್ಕಿದೆ.

ಲೇಖನ ಇಲ್ಲಿಂದ ಶುರು ಮಾಡಿ. ಉಳಿದದ್ದನ್ನ ಹರಿದು ಹಾಕಿ. ಒಂದು ರಾತ್ರಿ ಹೋಗಿ, ದೂರ ನಿಲ್ಲಬೇಡಿ, ಫ್ಲೆಕ್ಸಿನ ಅಂಚಿಗೇ ಕೂತು ನೋಡಿ. ಯಾವ ಮೊಣಕೈ ತರಚಿದೆ, ಸ್ಪೀಕರಿನ ಚಾರ್ಜ್ ಎಷ್ಟು ಹೊತ್ತು ಬರುತ್ತದೆ, ಬೀಟ್ ಪೊಲೀಸರು ಬಂದರೆ ಮೊದಲು ಏನನ್ನ ಮಡಚುತ್ತಾರೆ. ಫ್ಲೆಕ್ಸಿನಲ್ಲಿ ಜಾಸ್ತಿ ಜಾರುವುದು ಯಾವ ಕಡೆ, ಅಭ್ಯರ್ಥಿಯ ಮುಖ ಇರುವ ಕಡೆಯೋ ಹಿಂದಿನ ಬಿಳಿ ಕಡೆಯೋ, ಅದನ್ನೂ ಕೇಳಿಕೊಂಡು ಬನ್ನಿ.