ಚಿಕನ್‌ಪಾಕ್ಸ್ ವಾಸಿಯಾದ ಮೇಲೆ ಮಗು ತೂರಾಡುತ್ತಿದ್ದರೆ

ನಾಲ್ಕು ವರ್ಷದ ಮಗಳಿಗೆ ಚಿಕನ್‌ಪಾಕ್ಸ್ ಬಂದು ಹೋಗಿ ಹತ್ತು ದಿನವಾದ ಮೇಲೆ ನಡೆಯುವಾಗ ತೂರಾಡುತ್ತಿದ್ದಾಳೆ, ಬರೀ ನಿಶ್ಶಕ್ತಿಯೇ ಎಂದು ಕೇಳಿದ್ದೀರಿ. ನಿಶ್ಶಕ್ತಿ ಎಂದುಕೊಂಡು ಕಾಯಬೇಡಿ, ಇವತ್ತೇ ಮಕ್ಕಳ ಡಾಕ್ಟರಿಗೆ ತೋರಿಸಿ.

ನನ್ನ ಅಕ್ಕನ ಮಗನಿಗೂ ಹೀಗೇ ಆಗಿತ್ತು. ಕಾಲು ಅಗಲಿಸಿಕೊಂಡು ಗೋಡೆ ಹಿಡಿದು ನಡೆಯುತ್ತಿದ್ದ. ಲೋಟ ಬಾಯಿಗೆ ಹತ್ತಿರ ಬಂದಷ್ಟೂ ಕೈ ನಡುಗಿ ಅರ್ಧ ನೀರು ಅಂಗಿಯ ಮೇಲೆ. ಮಾತೂ ತೊದಲುತ್ತಿತ್ತು. ಆದರೆ ಜ್ವರವಿಲ್ಲ, ಎಚ್ಚರವಾಗಿದ್ದ, ಜಗಳಕ್ಕೂ ಕಮ್ಮಿಯಿರಲಿಲ್ಲ! ಡಾಕ್ಟರು ಇದನ್ನು ಅಕ್ಯೂಟ್ ಸೆರೆಬೆಲ್ಲರ್ ಅಟಾಕ್ಸಿಯ ಎಂದರು. ವೈರಸ್ ವಿರುದ್ಧ ಎದ್ದ ರೋಗನಿರೋಧಕ ಶಕ್ತಿ, ದೇಹದ ಸಮತೋಲನ ನೋಡಿಕೊಳ್ಳುವ ಕಿರುಮೆದುಳಿಗೂ ತಾಗುತ್ತದೆ, ಅದಕ್ಕೇ ಸೋಂಕು ಮುಗಿದು ಒಂದೆರಡು ವಾರಕ್ಕೆ ಕಾಣಿಸಿಕೊಳ್ಳುವುದು. ಹೆಚ್ಚಿನ ಮಕ್ಕಳು ಕೆಲವು ವಾರಗಳಲ್ಲಿ, ತಡವಾದರೆ ಎರಡು ಮೂರು ತಿಂಗಳಲ್ಲಿ, ಪೂರ್ತಿ ಸರಿಹೋಗುತ್ತಾರೆ.

ಆದರೆ ಅದೇ ಎಂದು ನಾವು ಮನೆಯಲ್ಲಿ ಕೂತು ತೀರ್ಮಾನಿಸುವಂತಿಲ್ಲ. ಎಬ್ಬಿಸಿದರೂ ಮಂಕಾಗಿರುವುದು, ಫಿಟ್ಸ್, ಬಿಡದ ತಲೆನೋವು, ವಾಂತಿ, ಮತ್ತೆ ಜ್ವರ, ಕುತ್ತಿಗೆ ಬಿಗಿತ, ಕೈಕಾಲಿನಲ್ಲಿ ಬಲವೇ ಇಲ್ಲದಿರುವುದು, ಇವುಗಳಲ್ಲಿ ಒಂದಿದ್ದರೂ ಕ್ಲಿನಿಕ್ಕಿನ ಸರದಿ ಕಾಯದೆ ನೇರ ಎಮರ್ಜೆನ್ಸಿಗೆ ಹೋಗಿ. ಮೆದುಳಿನ ಉರಿಯೂತವೋ, ನರಗಳಿಗೆ ತಾಗಿ ಕೈಕಾಲಿನ ಬಲ ಕುಂದಿಸುವ ಗೀಯನ್ ಬಾರೆ ಎಂಬ ಕಾಯಿಲೆಯೋ ಆಗಿದ್ದರೆ ತಡ ಮಾಡುವುದು ಅಪಾಯ. ನಡೆಯುವ, ಮಾತಾಡುವ ರೀತಿಯನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ, ಡಾಕ್ಟರ ಎದುರು ಮಕ್ಕಳು ನೆಟ್ಟಗೆ ನಡೆಯುವುದೇ ಇಲ್ಲ, ಮಡಿಲಿಗೆ ಅಂಟಿಕೊಂಡುಬಿಡುತ್ತಾರೆ.

ಇನ್ನೊಂದು, ಆಸ್ಪಿರಿನ್ ಮಾತ್ರ ಕೊಡಲೇಬೇಡಿ. ಚಿಕನ್‌ಪಾಕ್ಸ್ ಬಂದ ಮಕ್ಕಳಲ್ಲಿ ಅದು ಮೆದುಳು, ಯಕೃತ್ತು ಎರಡನ್ನೂ ಕೆಡಿಸುವ ರೇಯ್ ಸಿಂಡ್ರೋಮ್‌ಗೆ ದಾರಿಯಾಗಬಹುದು.